ಬಣ್ಣ ಹಚ್ಚೂಕಿಂತ ಮೊದ್ಲ ತುಕ್ಕು ತಗೀರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಗಿಣಿಗೇರಿ ಕಡೆಯಾಂವ. ಕಬ್ಬಿಣದ ಶೆಡ್ಡು, ಟ್ಯಾಂಕು, ಗ್ಯಾಂಟ್ರಿ ಇವಕ್ಕೆಲ್ಲಾ ಬ್ಲಾಸ್ಟಿಂಗ್ (ಗಾಳಿ ಒತ್ತಡದಿಂದ ಮರಳಿನಂತ ಹರಳು ಬಡಿಸಿ ತುಕ್ಕು ತಗಿಯೂದು) ಹೊಡಿಸಿ ಬಣ್ಣ ಹಚ್ಚಿಸೂ ಸೂಪರ್‌ವೈಸರ್ ಕೆಲಸಕ್ಕ ಬಿದ್ದು 22 ವರ್ಷ ಆತು. ಪೇಪರಿಗೆ ಪತ್ರ ಬರಿಯೂದು ಇದ ಮೊದಲ ಸಲ. ಒಂದ ವಾರದಾಗ ಇಬ್ರ ಬಾಯಿಂದ ಮಳಿ ನೀರು ಇಲ್ಲದ ಕಡೆ ಕಬ್ಬಿಣ ತುಕ್ಕು ಹಿಡಿಯಂಗಿಲ್ಲ ಅನ್ನೂ ಒಂದ ನಮೂನಿ ಮಾತು ಕೇಳಿದೆ, ಎರಡೂ ತಪ್ಪು, ಆ ತಪ್ಪು ತಿಳುವಳಿಕಿಯಿಂದ ನಮ್ಮ ಕಡೆ ಎಷ್ಟ ಕಬ್ಬಿಣ ಮಣ್ಣಪಾಲ ಆಗಾಕತ್ತೈತಿ ಅಂತ ಹೇಳಲಿಕ್ರ ಮನಸಿಗೆ ಸಮಾಧಾನ ಇಲ್ಲ, ಅದಕ್ಕ ಬರಿಯಾಕತ್ತೀನಿ. ಸ್ವಲ್ಪ ಉದ್ದ ಆಕ್ಕೈತಿ, ದಯವಿಟ್ಟು ಜಾಗ ಕೊಡ್ರಿ.

ಮೊದಲನೇದು ಒಂದು ಸರ್ಕಾರಿ ಸಾಲಿ ಮಾತು. ನಮ್ಮ ಊರ ಹತ್ರದ್ದ, ಹೆಸರು ಬ್ಯಾಡ. ಅಲ್ಲಿ ಮಕ್ಕಳು ಕುಂತು ಬಿಸಿಯೂಟ ಉಣ್ಣೂ ಶೆಡ್ಡಿನ ಒಂದು ಕಂಬ ಗಾಳಿ ಬಂದ್ರ ಕಿರ್ರ್ ಅಂತೈತಿ, ಒಂದ್ಸಲ ಬಂದು ನೋಡ್ರಿ ಅಂತ ಹೆಡ್ ಮಾಸ್ತರು ಕರದ್ರು. ಹೋದೆ. ಹೊರಗಿಂದ ನೋಡಿದ್ರ ಏನೂ ದೋಷ ಇಲ್ಲ, ನೀಲಿ ಎನಾಮಲ್ ಬಣ್ಣ ಮಿರಿಮಿರಿ ಮಿಂಚತೈತಿ, ಹಚ್ಚಿ 14 ತಿಂಗಳ ಆಗಿತ್ತಂತ. ನಾನು ಕೆಳಗ ಕುಂತು ಬೇಸ್ ಪ್ಲೇಟು ಅಂದ್ರ ಕಂಬದ ಬುಡಕ್ಕ ಹಾಕಿದ ಉಕ್ಕಿನ ತಗಡಿನ ಮ್ಯಾಲ ಒಂದು ಗೇಣಿನಷ್ಟು ಜಾಗದಾಗ ಬೆರಳಿಂದ ತಟ್ಟಿದೆ, ಸಪ್ಪಳ ಟೊಳ್ಳು ಬಂತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ, ಸುತ್ತಿಗಿ ಬ್ಯಾಡ ಏನ್ ಬ್ಯಾಡ, ಕೈ ಬಲಕ್ಕ ಸ್ಕ್ರೂಡ್ರೈವರ್ ಒಳಗ ಹೋತು. ಬಣ್ಣದ ಪದರು ಪ್ಲಾಸ್ಟಿಕ್ ಹಾಳಿ ಎದ್ದಂಗ ಎದ್ದು ಬಂತು, ಅದರ ಬೆನ್ನಿಗೆ ಕೆಂಪನ ತುಕ್ಕಿನ ಚೂರು ಅಂಟಿಕೊಂಡಿದ್ವು, ಒಳಗ ಕಬ್ಬಿಣ ಉಳ್ಳಾಗಡ್ಡಿ ಸಿಪ್ಪಿ ಬಿಚ್ಚಿದಂಗ ಪದರಪದರ. 5 ಮಿ.ಮೀ. ದಪ್ಪ ಇದ್ದಿದ್ದು ಕೆಲವು ಕಡೆ 1 ಮಿ.ಮೀ. ಉಳಿದಿಲ್ಲ. ಆ ಕಂಬಕ್ಕ ಬೆನ್ನು ಹಚ್ಚಿ ದಿನಾ ಮಕ್ಕಳು ಕುಂಡರ್ತಿದ್ವು. ನನಗ ಕೈ ನಡಗಿದ್ವು ನೋಡ್ರಿ.

ಇದನ್ನ ಫೋಟೋ ಹೊಡಕೊಂಡು ಸಂಬಂಧಪಟ್ಟ ಕಚೇರಿಗೆ ಹೋಗಿ ತೋರಿಸಿದ್ರ ಅಲ್ಲಿದ್ದ ಹುಡುಗ ಇಂಜಿನಿಯರ್ ಅಂದಿದ್ದು, "ವರ್ಷಕ್ಕ ನಾಕ ಮಳಿ ಬೀಳೂ ಊರು ಇದು, ಇದೇನ್ ಕಾರವಾರ ಏನ್ರಿ, ಇಲ್ಲಿ ತುಕ್ಕು ಎಲ್ಲಿಂದ ಬರ್ತೈತಿ, ಕಬ್ಬಿಣ ಡೂಪ್ಲಿಕೇಟ್ ಇರಬೇಕು." ಕಬ್ಬಿಣ ಡೂಪ್ಲಿಕೇಟ್ ಇರಲಿಲ್ಲ.

ಎರಡನೇ ಮಾತು ನನ್ನ ಅಕ್ಕನ ಮಗಂದು, ಡಿಪ್ಲೊಮಾ ಓದಾಕತ್ತಾನ. ಈ ಕಂಬದ ಮಾತು ಬಂದಾಗ ಅಂವ ಅಂದ, "ಮಾಮಾ, ಕಬ್ಬಿಣ ಇಡಬೇಕಂದ್ರ ಅಂಟಾರ್ಕ್ಟಿಕಾದಾಗ ಇಡಬೇಕು ನೋಡು, ಅಲ್ಲಿ ಎಲ್ಲಾ ಹೆಪ್ಪುಗಟ್ಟಿರ್ತೈತಿ, ನೀರ ಇಲ್ಲ, ನೂರ ವರ್ಷ ಆದ್ರೂ ತುಕ್ಕ ಹಿಡಿಯಂಗಿಲ್ಲ."

ಇಬ್ರೂ ಹೇಳಿದ್ದು ಒಂದ. ಮಳಿ ಇಲ್ಲ ಅಂದ್ರ ತುಕ್ಕು ಇಲ್ಲ. ನಾನು ಹಿಂದ ಎರಡು ವರ್ಷ ಕರಾವಳಿ ಕಡೆ ಒಂದು ಯಾರ್ಡಿನ್ಯಾಗ ಕೆಲಸ ಮಾಡೀನಿ, ಅಲ್ಲಿಂದ ಚಳಿ ದೇಶಗಳಿಗೆ ಹೋಗೂ ಸ್ಟ್ರಕ್ಚರಿಗೆ ಬಣ್ಣ ಆಗ್ತಿತ್ತು, ಅವಾಗಿಂದ ಈ ಹಿಮದ ನಾಡಿನ ಕಬ್ಬಿಣದ ವಿಷಯ ಎಲ್ಲಿ ಸಿಕ್ರೂ ಓದ್ತೀನಿ. ಹಂಗಾಗಿ ಅಳಿಯನ ಮಾತಿಂದ ಶುರು ಮಾಡ್ತೀನಿ, ಯಾಕಂದ್ರ ಅದು ತಪ್ಪು ಅಂತ ತಿಳದ್ರ ಇಂಜಿನಿಯರ್ ಸಾಹೇಬರ ಮಾತು ಯಾಕ ತಪ್ಪು ಅನ್ನೂದು ತಾನಾಗೇ ತಿಳಿತೈತಿ.

2017ರಾಗ ಅಂಟಾರ್ಕ್ಟಿಕಾದ ಕೇಪ್ ಅಡೇರ್ ಅನ್ನೂ ಕಡೆ ಒಂದು ಹಳೇ ಗುಡಿಸಲದಾಗ ಒಂದು ತಗಡಿನ ಡಬ್ಬಿ ಸಿಕ್ತು. ಬ್ರಿಟನ್ನಿನ ಧ್ರುವ ಅನ್ವೇಷಕ ಕ್ಯಾಪ್ಟನ್ ಸ್ಕಾಟ್ ಅವರ ಕಾಲದ ತಂಡ ಬಿಟ್ಟು ಹೋದ ಡಬ್ಬಿ ಅಂತಾರ, ಅಂದ್ರ ನೂರ ವರ್ಷದ ಮ್ಯಾಲಿನದು, ಒಳಗ ಹಣ್ಣಿನ ಕೇಕು. ಕೇಕು ಇನ್ನೂ ತಿನ್ನಬಹುದೇನೋ ಅನ್ನೂವಷ್ಟು ಚಲೋ ಇತ್ತಂತ, ಡಬ್ಬಿ ಮಾತ್ರ ತುಕ್ಕು ತಿಂದು ಹಾಳಾಗಿತ್ತು. ನ್ಯೂಜಿಲೆಂಡಿನ ಪರಂಪರೆ ಸಂಸ್ಥೆಯವರು ಆ ಡಬ್ಬಿ ತುಕ್ಕು ತಗದು, ಔಷಧ ಹಚ್ಚಿ, ಮ್ಯಾಲ ಕೋಟಿಂಗ್ ಕೊಟ್ಟು ಉಳಿಸಬೇಕಾತು. ಕೇಕು ಕೆಡಿಸೂ ಸೂಕ್ಷ್ಮಜೀವಿಗೆ ಚಳಿ ತಡಕೊಳ್ಳಾಕ ಆಗಂಗಿಲ್ಲ, ತುಕ್ಕು ಆ ಚಳಿಗೆ ಅಂಜಂಗಿಲ್ಲ. ಇನ್ನ ಡಿಸೆಪ್ಶನ್ ದ್ವೀಪ ಅಂತ ಐತಿ, ಅಲ್ಲಿ ನಾರ್ವೆಯವರು 1912ರಿಂದ 1931ರ ತನಕ ತಿಮಿಂಗಿಲ ಕುದಿಸಿ ಎಣ್ಣಿ ತಗಿತಿದ್ರು, ಅವರ ಬಾಯ್ಲರು, ಎಣ್ಣಿ ಟ್ಯಾಂಕು ಇವತ್ತಿಗೂ ಕಡಲ ದಂಡ್ಯಾಗ ಕೆಂಪಗ ತುಕ್ಕು ಹಿಡದು ನಿಂತಾವ, ಫೋಟೋ ನೋಡಿದ್ರ ನಮ್ಮ ಗುಜರಿ ಅಂಗಡಿ ನೆನಪಾಗ್ತೈತಿ.

ಹೆಪ್ಪುಗಟ್ಟಿದ ನಾಡಾಗ ನೀರು ಎಲ್ಲಿಂದ ಬಂತು ಅಂದ್ರ, ಉಪ್ಪಿನಿಂದ. ಗವಿಮಠದ ಜಾತ್ರ್ಯಾಗ ಕುಲ್ಫಿ ಗಾಡಿ ನೋಡಿರ್ತೀರಿ. ಮಣ್ಣಿನ ಗಡಗ್ಯಾಗ ಐಸಿನ ಚೂರು ಹಾಕಿ ಮ್ಯಾಲ ಹಿಡಿಗಟ್ಲೆ ಉಪ್ಪು ಸುರೀತಾರ, ಅವಾಗ ಡಬ್ಬಿ ಒಳಗಿನ ಹಾಲು ಗಟ್ಟಿ ಆಗ್ತೈತಿ, ಆದ್ರ ಹೊರಗಿನ ಉಪ್ಪಿನ ನೀರು ಅಷ್ಟ ಥಂಡಿಯಾದ್ರೂ ನೀರ ಆಗೇ ಇರ್ತೈತಿ. ಅದ ಲೆಕ್ಕ ಅಲ್ಲಿ. ಅಡಗಿ ಉಪ್ಪಿನ ದ್ರಾವಣ ಮೈನಸ್ 21 ಡಿಗ್ರಿ ತನಕ ಪೂರ್ತಿ ಗಟ್ಟಿ ಆಗಂಗಿಲ್ಲ, ಕಡಲ ನೀರಿನ್ಯಾಗ ಇರೂ ಮೆಗ್ನೀಶಿಯಂ ಉಪ್ಪು ಅದಕ್ಕೂ ಕೆಳಗ ಮೈನಸ್ 33ರ ತನಕ ಎಳಿತೈತಿ. ಅಂಟಾರ್ಕ್ಟಿಕಾದ ಹೆಚ್ಚಿನ ಸಂಶೋಧನಾ ಠಾಣೆ ಇರೂದು ಕಡಲ ದಂಡಿಗೆ, ಹಡಗು ಬಂದು ಸಾಮಾನು ಇಳಸಬೇಕಲ್ರೀ. ಗಾಳಿ ಬಿಟ್ರ ಕಡಲ ತುಂತುರು ಹೊತ್ತುಕೊಂಡು ಬಂದು ಕಬ್ಬಿಣಕ್ಕ ಬಡೀತೈತಿ, ನೀರು ಹೋಗಿ ಉಪ್ಪು ಕೂತಕೋತೈತಿ, ಆ ಉಪ್ಪು ಹಿಮದ ಕೆಳಗೂ ತನ್ನ ಸುತ್ತ ಒಂದು ತೆಳ್ಳನ ನೀರಿನ ಪೊರೆ ಇಟ್ಟುಕೋತೈತಿ. ಕಣ್ಣಿಗೆ ಕಾಣಂಗಿಲ್ಲ. ತುಕ್ಕಿಗೆ ಅಷ್ಟ ಸಾಕು.

ಮ್ಯಾಲ ಬಿಸಿಲು ಬ್ಯಾರೆ. ಅಲ್ಲಿ ಬ್ಯಾಸಿಗಿ ಅಂದ್ರ ಡಿಸೆಂಬರ್ ಜನವರಿ, ಹೊತ್ತು ಮುಳಗಂಗ ಇಲ್ಲ, ಗಾಳಿ ಮೈನಸ್ 5 ಇದ್ರೂ ಗಾಢ ಬಣ್ಣದ ಕಬ್ಬಿಣ ಬಿಸಲು ಕುಡದು ಸೊನ್ನಿಗಿಂತ ಮ್ಯಾಲ ಹೋಗ್ತೈತಿ, ಮ್ಯಾಲ ಕುಂತ ಹಿಮ ಕರಗಿ ಬೋಲ್ಟಿನ ಸಂದಿ, ವೆಲ್ಡಿಂಗ್ ಜಾಯಿಂಟಿನ್ಯಾಗ ಇಳಿತೈತಿ, ಮೋಡ ಬಂದ ಕೂಡ್ಲೆ ಗಟ್ಟಿ ಆಗಿ ಹಿಗ್ಗಿ ಆ ಸಂದಿನ್ನ ಅಗಲಸ್ತೈತಿ, ಮತ್ತ ಕರಗತೈತಿ, ಮತ್ತ ಗಟ್ಟಿ. ಗಾಳಿ ಎಷ್ಟ ಕೆಡಸ್ತೈತಿ ಅಂತ ಲೆಕ್ಕ ಹಾಕೂ ಐಎಸ್ಒ 9223 ಅನ್ನೂ ಸ್ಟ್ಯಾಂಡರ್ಡಿನ್ಯಾಗ ಕಬ್ಬಿಣ "ಒದ್ದೆ" ಇರೂ ಹೊತ್ತು ಅಂದ್ರ ತೇವಾಂಶ ಶೇ 80ಕ್ಕಿಂತ ಹೆಚ್ಚು, ಉಷ್ಣಾಂಶ ಸೊನ್ನಿಗಿಂತ ಮ್ಯಾಲ ಅಂತ ಹಿಡೀತಾರ. ಆ ಲೆಕ್ಕ ಹಾಕಿದ್ರ ಹಿಮದ ನಾಡಾಗ ಒದ್ದೆ ಹೊತ್ತು ಬಹಳ ಕಡಿಮಿ, ತುಕ್ಕೂ ಕಡಿಮಿ ಇರಬೇಕು. ಆದ್ರ ಸಣ್ಣ ಸಣ್ಣ ಉಕ್ಕಿನ ತುಂಡು ತೂಕ ಮಾಡಿ ವರ್ಷಗಟ್ಲೆ ಹೊರಗ ಇಟ್ಟು ಮತ್ತ ತೂಕ ಹಾಕಿ ನೋಡಿದಾಗ ಕಡಲ ದಂಡಿ ಠಾಣೆಗಳಾಗ ಲೆಕ್ಕಕ್ಕಿಂತ ಹೆಚ್ಚು ಕಬ್ಬಿಣ ಕರಗಿತ್ತು, ಸೊನ್ನಿಗಿಂತ ಕೆಳಗೂ ತುಕ್ಕು ನಡದಿತ್ತು. ನಿಜ ಹೇಳಬೇಕಂದ್ರ ಅಳಿಯನ ಮಾತು ಒಂದು ಕಡೆ ಖರೆ ಐತಿ: ದಕ್ಷಿಣ ಧ್ರುವದ ನಡುಮಧ್ಯ, ಕಡಲಿಂದ ಸಾವಿರ ಕಿ.ಮೀ.ಗಿಂತ ದೂರ, 2835 ಮೀಟರ್ ಎತ್ತರ, ವರ್ಷದ ಸರಾಸರಿನ ಮೈನಸ್ 49 ಡಿಗ್ರಿ ಹತ್ರ, ಅಲ್ಲಿ ತುಕ್ಕು ಬಹಳ ನಿಧಾನ. ಉಪ್ಪೂ ಇಲ್ಲ, ಕರಗೂದೂ ಇಲ್ಲ.

ಈಗ ಬಣ್ಣದ ಮಾತು, ಇದು ನನ್ನ ದಂಧೆ ಆದ್ದರಿಂದ ಸ್ವಲ್ಪ ಹೆಚ್ಚ ಹೇಳ್ತೀನಿ.

ಕಬ್ಬಿಣ ಥಂಡಿಗೆ ಕುಗ್ಗತೈತಿ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ 12 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರ ಮಿ.ಮೀ.ದ ಸಾವಿರದಾಗ ಒಂದು ಪಾಲು). ನಮ್ಮ ಕಡೆ 35 ಡಿಗ್ರಿ ಬಿಸಲಾಗ ಕಟಿಂಗ್ ಮಾಡಿ ಬಣ್ಣ ಹೊಡದ 20 ಮೀಟರಿನ ಬೀಮು ಮೈನಸ್ 35ಕ್ಕ ಹೋತು ಅಂದ್ರ ಸುಮಾರು 17 ಮಿ.ಮೀ. ಗಿಡ್ಡ ಆಗಿರ್ತೈತಿ. ಬಣ್ಣದ ಪದರು ಅದಕ್ಕಿಂತ ಎಷ್ಟೋ ಪಟ್ಟು ಕುಗ್ಗಾಕ ನೋಡತೈತಿ, ಆದ್ರ ಅದು ಕಬ್ಬಿಣಕ್ಕ ಅಂಟಿಕೊಂಡೈತಿ, ಎಲ್ಲಿಗೆ ಹೋಗತೈತಿ? ಒಳಗೊಳಗ ಬಿಗಿದುಕೋತೈತಿ. ಮ್ಯಾಲ ಚಳಿಗೆ ಬಣ್ಣ ಹಪ್ಪಳದಂಗ ಗರಿ ಆಗಿರ್ತೈತಿ, ಎಲ್ಲಿ ಅಂಟು ಕಚ್ಚಿರಂಗಿಲ್ಲೋ ಅಲ್ಲಿ ಬಿರೀತೈತಿ. ಚೂಪನ ಅಂಚು, ವೆಲ್ಡಿಂಗ್ ಗಂಟು, ಬೋಲ್ಟಿನ ತಲಿ, ಹಳೇ ಮಿಲ್ ಸ್ಕೇಲ್ ಉಳಿದ ಜಾಗ. ಮಿಲ್ ಸ್ಕೇಲ್ ಅಂದ್ರ ಕಾರ್ಖಾನ್ಯಾಗ ಕೆಂಡದಂತ ಉಕ್ಕು ರೋಲ್ ಮಾಡಾಗ ಮ್ಯಾಲ ಬರೂ ನೀಲಿ ಕಪ್ಪು ಪೊರೆ, ನೋಡಾಕ ಬಹಳ ಗಟ್ಟಿ ಚಂದ, ಬಹಳ ಮಂದಿ ಅದರ ಮ್ಯಾಲೇ ಬಣ್ಣ ಹೊಡೀತಾರ, ಒಂದಿನ ಆ ಪೊರೆ ಬಣ್ಣನ್ನೂ ಕಟ್ಟಿಕೊಂಡು ಎದ್ದು ಹೋಗ್ತೈತಿ.

ಬಿಸಲಿನ ಹೊಡ್ತಾನೂ ಅಲ್ಲಿ ಕಡಿಮಿ ಇಲ್ಲ. ಬ್ರಿಟಿಷ್ ವಿಜ್ಞಾನಿಗಳು 1985ರಾಗ ಅಂಟಾರ್ಕ್ಟಿಕಾ ಮ್ಯಾಲಿನ ಓಝೋನ್ ತೂತು ಜಗತ್ತಿಗೆ ತೋರಿಸಿದ್ರು, ಪ್ರತಿ ವರ್ಷ ಸೆಪ್ಟೆಂಬರ್ ಅಕ್ಟೋಬರಿಗೆ ಅದು ತೆರಕೋತೈತಿ, ಅತಿನೇರಳೆ ಕಿರಣ ತಡಿಯೂದು ಕಡಿಮಿ ಆಗ್ತೈತಿ. ಹೊಸ ಹಿಮ ಆ ಕಿರಣದ ಶೇ 80ರಷ್ಟನ್ನ ವಾಪಸ್ ಹೊಡೀತೈತಿ, ಹಂಗಾಗಿ ನೆಲದ ಕಡೆ ಮುಖ ಮಾಡಿದ ಬೀಮಿನ ಹೊಟ್ಟಿಗೂ ಬಿಸಲು. ಎಪಾಕ್ಸಿ ಅನ್ನೂ ಗಟ್ಟಿ ರಾಳದ ಬಣ್ಣ ಕಬ್ಬಿಣಕ್ಕ ಕಚ್ಚಿ ಹಿಡಿಯಾಕ ಅದಕ್ಕ ಸಮ ಇಲ್ಲ, ಆದ್ರ ಬಿಸಲು ಬಿದ್ರ ಸುಣ್ಣದಂಗ ಪುಡಿ ಏಳತೈತಿ, ಕೈ ಸವರಿದ್ರ ಬಿಳಿ ಹತ್ತತೈತಿ, ಅದಕ್ಕ ಮ್ಯಾಲ ಬಿಸಲು ತಡಿಯೂ ಪಾಲಿಯುರೆಥೇನ್ ಕೋಟು ಕೊಡಲೇಬೇಕು. ಇನ್ನ ಗಾಳಿ ಹಿಮದ ಹರಳು ತಂದು ಸ್ಯಾಂಡ್‌ಪೇಪರ್ ಹೊಡದಂಗ ಹೊಡೀತೈತಿ, ಚಳಿ ಹೆಚ್ಚಾದಂಗ ಆ ಹರಳು ಗಟ್ಟಿ ಆಕ್ಕೋತ ಹೋಗ್ತಾವ. ಅಲ್ಲಿನ ಕೇಪ್ ಡೆನಿಸನ್‌ನಾಗ ಆಸ್ಟ್ರೇಲಿಯಾದ ಅನ್ವೇಷಕ ಮಾಸನ್ ಅವರ ತಂಡ 1912ರಾಗ ಕಟ್ಟಿದ ಕಟ್ಟಿಗಿ ಮನಿ ಐತಿ, ಅದರ ಹಲಗಿ ಆ ಗಾಳಿ ತಿಂದು ತೆಳ್ಳಗಾಗ್ಯಾವ, ಕಟ್ಟಿಗಿಗೇ ಹಂಗಾದ್ರ ಬಣ್ಣದ ಪಾಡೇನು.

ಒಳಗಿಂದ ಬರೂ ನೀರು ಇನ್ನೂ ಮೋಸ. ಹೊರಗ ಮೈನಸ್ 30, ಒಳಗ ಮಂದಿ ಅಡಗಿ ಮಾಡ್ತಾರ, ಜಳಕ ಮಾಡ್ತಾರ, ಉಸರು ಬಿಡ್ತಾರ, ಆ ಹಬಿ ಗ್ವಾಡಿ ಸಂದ್ಯಾಗ ಹೋಗಿ ಹೊರಗಿನ ಥಂಡಿ ಮುಟ್ಟಿದ ಕಬ್ಬಿಣಕ್ಕ ತಾಗಿ ನೀರಾಗಿ ಐಸ್ ಆಗಿ ಕೂತಿರ್ತೈತಿ, ಮುಂದ ಬೆಚ್ಚಗಾದಾಗ ಇಳಿತೈತಿ. ನಮ್ಮ ದೇಶದ ಭಾರತಿ ಠಾಣೆ ಕಟ್ಟಿದ ರೀತಿ ಇದಕ್ಕ ಚಲೋ ಉತ್ತರ. 2012ರ ಮಾರ್ಚಿನ್ಯಾಗ ಲಾರ್ಸೆಮನ್ ಬೆಟ್ಟದ ಕಡೆ ಶುರುವಾದದ್ದು, ಒಳಗ 134 ಶಿಪ್ಪಿಂಗ್ ಕಂಟೇನರ್ ಜೋಡಿಸಿ ಮ್ಯಾಲ ಇನ್ನೊಂದು ಹೊದಿಕಿ ಹಾಕ್ಯಾರ, ನೆಲಕ್ಕ ಹತ್ತಲಿಕ್ರದಂಗ ಕಂಬದ ಮ್ಯಾಲ ಎತ್ತಿ ನಿಲ್ಲಿಸ್ಯಾರ, ಹಿಮ ಬುಡಕ್ಕ ಕೂಡಲಾರ್ದ ಕೆಳಗಿಂದ ಹಾರಿ ಹೋಗ್ತೈತಿ. ಹೊದಿಕಿ ಗಾಳಿ ಬಿಸಲು ತಿಂತೈತಿ, ಒಳಗಿನ ಉಕ್ಕು ಒಣಗಿರ್ತೈತಿ. ಅದಕ್ಕಿಂತ ಮೊದ್ಲ ಕಟ್ಟಿದ ಮೈತ್ರಿ 1989ರದು, ಇನ್ನೂ ನಡದೈತಿ, ಕಡಲಿಂದ ಸುಮಾರು 100 ಕಿ.ಮೀ. ಒಳಗ ಐತಿ. ನನಗ ಹೆಮ್ಮಿ ಅನಸೂದು ಏನಂದ್ರ ನಮ್ಮ ಸಂಡೂರು ಹೊಸಪ್ಯಾಟಿ ಅದಿರು ಹಿಂದ ರೈಲಿನ್ಯಾಗ ಹೋಗಿ ಗೋವಾದ ಮರ್ಮಗೋವಾ ಬಂದರದಾಗೂ ಹಡಗು ಹತ್ತತಿತ್ತು, ಕಡಲ ವಿಜ್ಞಾನಿ ಡಾ. ಖಾಸಿಂ ಅವರ ಮುಂದಾಳತ್ವದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರಿನ್ಯಾಗ ಹೊಂಟಿದ್ದೂ ಗೋವಾದಿಂದನ.

ಚಳಿ ನಾಡಾಗ ಬಣ್ಣ ಹಚ್ಚೂದು ಇನ್ನೊಂದು ಕಷ್ಟ. ಸಾದಾ ಎಪಾಕ್ಸಿ 10 ಡಿಗ್ರಿಗಿಂತ ಕೆಳಗ ಒಣಗಾಕ ಒದ್ದಾಡತೈತಿ, 5ಕ್ಕ ಬಂದ್ರ ನಿಂತಬಿಡತೈತಿ. ಹಂಗಾಗಿ ಅಲ್ಲಿಗೆ ಹೋಗೂ ಕಬ್ಬಿಣಕ್ಕ ಬೆಚ್ಚಗಿನ ದೇಶದ ಯಾರ್ಡಿನ್ಯಾಗ ಪೂರಾ ಬಣ್ಣ ಮಾಡಿ ಕಳಸ್ತಾರ, ಅಲ್ಲಿ ಬರೇ ಗೀರು ಬಿದ್ದ ಕಡೆ ಟಚ್‌ಅಪ್. ಒಮ್ಮಿ ತಪ್ಪಿದ್ರ ತಿದ್ದಾಕ ವರ್ಷಕ್ಕ ಎರಡ ತಿಂಗಳು, ಅದೂ ಹವಾ ಚಲೋ ಇದ್ರ. ನಾನು ಹೇಳಿದ ಯಾರ್ಡಿನ್ಯಾಗ ಒಬ್ರು ಇನ್‌ಸ್ಪೆಕ್ಟರ್ ಇದ್ರು, ವಯಸ್ಸಾದವರು, ಮಾತು ಕಡಿಮಿ. ನಾವು ಬ್ಲಾಸ್ಟಿಂಗ್ ಹೊಡದು ಉಕ್ಕು ಬೆಳ್ಳಿಯಂಗ ಬೆಳ್ಳಗ ಮಾಡಿ ನಿಲ್ಲಿಸಿದ್ರ ಅವರು ಬಂದು ಒಂದು ಸಣ್ಣ ಅಂಟಿನ ಬಿಲ್ಲಿ ಉಕ್ಕಿಗೆ ಒತ್ತಿ ಹಚ್ಚೂರು, ಸಿರಿಂಜಿನಿಂದ ಅದರೊಳಗ ಡಿಸ್ಟಿಲ್ಡ್ ನೀರು ಬಿಡೂರು, ಎಳೆಯೂರು, ಮತ್ತ ಬಿಡೂರು, ಮತ್ತ ಎಳೆಯೂರು, ಆ ನೀರಿಗೆ ಮೀಟರ್ ಇಟ್ಟು ಉಪ್ಪು ಎಷ್ಟೈತಿ ನೋಡೂರು. ಒಂದಿನ ಮೂರು ಬೀಮಿಗೆ ಉಪ್ಪು ಹೆಚ್ಚ ಬಂತು. ಕಣ್ಣಿಗೆ ಒಂದು ಚುಕ್ಕಿ ಕಾಣತಿರಲಿಲ್ಲ. ಸಿಹಿ ನೀರಿಲೆ ತೊಳಿಸಿ ಮತ್ತ ಬ್ಲಾಸ್ಟಿಂಗ್ ಹೊಡಿಸಿದ್ರು, ಇಡೀ ದಿನದ ಕೆಲಸ ಹೋತು, ಹುಡುಗರು ಗೊಣಗಿದ್ರು. ಅವರು ನನಗ ಹೇಳಿದ್ದು ಇವತ್ತಿಗೂ ಕಿವ್ಯಾಗೈತಿ, "ಬಣ್ಣದ ಆಯುಷ್ಯ ಡಬ್ಬಿ ಮುಚ್ಚಳ ತೆಗಿಯೂಕಿಂತ ಮೊದ್ಲ ಬರದಿರ್ತೈತಪಾ."

ಈಗ ವಾಪಸ್ ಕೊಪ್ಪಳಕ್ಕ ಬರ್ತೀನಿ.

ನಮ್ಮಲ್ಲಿ ಕಡಲಿಲ್ಲ ಖರೆ, ಉಪ್ಪು ಇಲ್ಲ ಅಂದವರಾರು? ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕಾಲುವಿ ನೀರು ಕಂಡ ಹೊಲ ಹೋಗಿ ನೋಡ್ರಿ, ಬ್ಯಾಸಿಗ್ಯಾಗ ನೆಲದ ಮ್ಯಾಲ ಬೆಳ್ಳಗ ಸವಳು ಎದ್ದಿರ್ತೈತಿ, ರೈತರು ಬೆಳಿ ಕಳಕೊಂಡಿದ್ದು ಅದ ಉಪ್ಪಿಗೆ. ಆ ಮಣ್ಣಾಗ ಹುಗದ ಕಂಬದ ಬುಡ ಏನಾಗಬೇಕು? ಬೋರಿನ ಸವಳ ನೀರಿಲೆ ಕಾಂಕ್ರೀಟ್ ಕಲಸ್ತಾರ, ಅದ ನೀರಿಲೆ ಕಬ್ಬಿಣ ತೊಳಿತಾರ. ಗೊಬ್ಬರದ ಗೋದಾಮಿನ ಟ್ರಸ್ಸು (ಮಾಳಗಿ ಹೊರೂ ಕಬ್ಬಿಣದ ಚೌಕಟ್ಟು) ನೋಡ್ರಿ, ಚೀಲ ಹರದು ಬಿದ್ದ ಗೊಬ್ಬರ ತೇವ ಹೀರಿ ಪಸಿ ಆಗಿ ಕಂಬದ ಬುಡದಾಗ ಕೂತಿರ್ತೈತಿ. ಇತ್ತ ಗಿಣಿಗೇರಿ, ಹಿರೇಬಗನಾಳ, ತೋರಣಗಲ್ಲ ಸುತ್ತ ಕಪ್ಪು ದೂಳು, ಅತ್ತ ಶಕ್ತಿನಗರ, ಕುಡತಿನಿ ಕಡೆ ಬೂದಿ, ಶೀಟಿನ ಮ್ಯಾಲ ಕುಂತ ದೂಳು ಅರಿವಿಯಂಗ ನೀರು ಹಿಡಕೋತೈತಿ, ಬರೇ ಶೀಟು ತಾಸಿನ್ಯಾಗ ಒಣಗಿದ್ರ ದೂಳು ಕುಂತ ಶೀಟು ಮಧ್ಯಾಹ್ನದ ತನಕ ಪಸಿ.

ಮತ್ತ ಮಳಿನ ಬೇಕಂತ ಇಲ್ಲ. ಡಿಸೆಂಬರ್ ಜನವರಿ ನಸುಕಿನ್ಯಾಗ ತಗಡಿನ ಶೆಡ್ಡಿನ ಕೆಳಗ ಮಲಗಿದವರನ್ನ ಕೇಳ್ರಿ, ಟಪಟಪ ಹನಿ ಬೀಳತೈತಿ, ರಾತ್ರಿ ಬಯಲ ಆಕಾಶಕ್ಕ ಮುಖ ಮಾಡಿದ ತಗಡು ಗಾಳಿಗಿಂತ ಥಂಡಿ ಆಗಿ ಇಬ್ಬನಿ ಹಿಡಿತೈತಿ, ಅದು ಇಳದು ಪರ್ಲಿನ್ ಅಂದ್ರ ತಗಡು ಹೊರೂ ಅಡ್ಡ ಕಬ್ಬಿಣದ ಗುಂಟ ಬಂದು ಕಂಬದ ಬುಡ ಸೇರತೈತಿ. ಸಾಲಿ ಶೆಡ್ಡಿನ್ಯಾಗ ಇನ್ನೊಂದು ಐತಿ, ಮಕ್ಕಳು ಉಂಡು ತಾಟು ತೊಳೆಯೂ ನೀರು, ದಿನಾ ನೆಲ ತೊಳೆಯೂ ನೀರು, ಸಾರಿನ ಉಪ್ಪು ಹುಳಿ ಎಲ್ಲಾ ಹರಕೊಂಡು ಹೋಗಿ ನಿಲ್ಲೂದು ಆ ಬೇಸ್ ಪ್ಲೇಟಿನ ಮ್ಯಾಲ, ಯಾಕಂದ್ರ ಬೇಸ್ ಪ್ಲೇಟು ನೆಲದ ಸಮಕ್ಕ ಇಟ್ಟಾರ, ಒಂದು ಗೇಣು ಕಾಂಕ್ರೀಟ್ ಎತ್ತರಿಸಿ ಇಟ್ಟಿದ್ರ ಇವತ್ತಿಗೂ ಗಟ್ಟಿ ಇರ್ತಿತ್ತು. ಹಿಮದ ನಾಡಾಗ ಠಾಣೆನ್ನ ಕಂಬದ ಮ್ಯಾಲ ಎತ್ತಾಕ ಏನು ಕಾರಣ ಐತೋ ಇಲ್ಲಿ ಗೇಣು ಎತ್ತರಾಕ ಅದ ಕಾರಣ. ಬುಡಕ್ಕ ನೀರು ನಿಲ್ಲಬಾರದು.

ಆ ಶೆಡ್ಡಿಗೆ ಬಣ್ಣ ಹೆಂಗ ಹಚ್ಚಿದ್ರು ಅಂತ ಹೆಡ್ ಮಾಸ್ತರು ಹೇಳಿದ್ದು ಕೇಳಿ ಹೊಟ್ಟಿ ಉರೀತು. ಏಪ್ರಿಲ್ ಕಡೀಕ, ಸಾಲಿ ಸೂಟಿ ಇದ್ದಾಗ, ನಡುಮಧ್ಯಾಹ್ನ ಇಬ್ರು ಹುಡುಗರು ಬಂದು ಹಳೇ ಬಣ್ಣದ ಮ್ಯಾಲ ಅರಿವಿಲೆ ದೂಳು ಒರಸಿ ನೇರ ಎನಾಮಲ್ ಹೊಡದು ಸಂಜಿಕ ಹ್ವಾದ್ರಂತ. 42 ಡಿಗ್ರಿ ಬಿಸಲಾಗ ಕಬ್ಬಿಣ 60 ದಾಟಿರ್ತೈತಿ, ಕೈ ಇಡಾಕ ಆಗಂಗಿಲ್ಲ, ಬಣ್ಣ ಕಬ್ಬಿಣಕ್ಕ ಕಚ್ಚೂಕಿಂತ ಮೊದ್ಲ ಥಿನ್ನರ್ ಹಾರಿ ಹೋಗಿ ಸೂಜಿ ಮೊನಿಯಂತ ತೂತು ಬೀಳತಾವ. ಅಲ್ಲಿ ಚಳಿಗೆ ಬಣ್ಣ ಕಚ್ಚಂಗಿಲ್ಲ, ಇಲ್ಲಿ ಬಿಸಲಿಗೆ ಕಚ್ಚಂಗಿಲ್ಲ. ನಾನು ಬಣ್ಣದ ದಪ್ಪ ಅಳಿಯೂ ನನ್ನ ಗೇಜ್ ಇಟ್ಟು ನೋಡಿದೆ, ಗಟ್ಟಿ ಉಳಿದ ಜಾಗದಾಗ ಹೊಸ ಹಳೇ ಬಣ್ಣ ಸೇರಿ ಒಂದ ಕಡೆ 38 ಮೈಕ್ರಾನ್, ಒಂದ ಕಡೆ 60. ಕಡಲ ದಂಡಿ ಕೆಲಸಕ್ಕ ನಾವು 240ರಿಂದ 320 ಕೊಡ್ತಿದ್ವಿ. ಸಾಲಿ ಶೆಡ್ಡಿಗೆ ಅಷ್ಟು ಬ್ಯಾಡ, ಒಪ್ಪತೀನಿ, ಆದ್ರ ತುಕ್ಕು ತಗದು ಎರಡು ಕೋಟು ಪ್ರೈಮರ್ ಎರಡು ಕೋಟು ಎನಾಮಲ್ ಆದ್ರೂ ಬೇಕು ಬ್ಯಾಡೋ?

ತುಕ್ಕಿನ ಮ್ಯಾಲ ಹಚ್ಚಿದ ಬಣ್ಣ ಬಣ್ಣ ಇಲ್ಲದ ಕಬ್ಬಿಣಕ್ಕಿಂತ ಕೆಟ್ಟದ್ದು ಅಂತ ನಾನು ಹೇಳಿದ್ರ ಮಂದಿ ನಂಬಂಗಿಲ್ಲ. ಬಣ್ಣ ಇಲ್ಲಂದ್ರ ತುಕ್ಕು ಕಣ್ಣಿಗೆ ಕಾಣತೈತಿ, ಯಾರರ ಒಬ್ರು ಹೇಳ್ತಾರ. ಬಣ್ಣ ಹೊಡದ್ರ ಒಳಗಿನ ತುಕ್ಕಿನ ಉಪ್ಪು ಪದರಿನ ಮೂಲಕ ತೇವ ಎಳಕೊಂಡು ಕೆಲಸ ನಡಸತೈತಿ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿತೈತಿ, ಬಣ್ಣ ಉಬ್ಬತೈತಿ, ಅಷ್ಟೊತ್ತಿಗೆ ಒಳಗ ಟೊಳ್ಳು.

ನಮ್ಮ ಭಾಗದವರಿಗೆ ಉಕ್ಕು ಹೆಂಗ ಕೈ ಕೊಡತೈತಿ ಅಂತ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನ್ಯಾಗ 19ನೇದರ ಸರಪಳಿ ಕಡದು ಗೇಟು ಕೊಚ್ಚಿಕೊಂಡು ಹೋದಾಗ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲಾದ ರೈತರು ಊಟ ನಿದ್ದಿ ಬಿಟ್ಟಿದ್ರು. ಡ್ಯಾಮಿನ ಗೇಟಿನ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ಹರಿಯೂ ನೀರಿನ್ಯಾಗ ಸ್ಟಾಪ್‌ಲಾಗ್ ಅಂದ್ರ ನೀರು ತಡಿಯೂ ಉಕ್ಕಿನ ಹಲಗಿ ತುಂಡು ಇಳಿಸಿ ನಿಲ್ಲಿಸಿದ್ರು, ಒಂದು ವಾರದಾಗ, ಅವರಿಗೆ ಕೈ ಮುಗಿಬೇಕು. ಡ್ಯಾಮಿನಂತ ದೊಡ್ಡದಕ್ಕ ನೋಡೂ ಮಂದಿ ಬರ್ತಾರ, ಟಿವಿ ಬರ್ತೈತಿ. ಸಾಲಿ ಶೆಡ್ಡು, ಬಸ್ ಸ್ಟ್ಯಾಂಡಿನ ತಂಗುದಾಣ, ಸಂತಿ ಕಟ್ಟಿ ಮ್ಯಾಲಿನ ಶೀಟು, ಊರ ನೀರಿನ ಟ್ಯಾಂಕಿನ ಏಣಿ, ಇವಕ್ಕ ಯಾರು ಬರ್ತಾರ?

ನಾನು ಕೇಳೂದು ದೊಡ್ಡದೇನಲ್ಲ. ಟೆಂಡರಿನ್ಯಾಗ "ಬಣ್ಣ ಹಚ್ಚುವುದು" ಅಂತ ಒಂದ ಸಾಲು ಇರ್ತೈತಿ, ಅದರ ಮೊದ್ಲ ತುಕ್ಕು ತಗಿಯೂದಕ್ಕ ಒಂದು ಸಾಲು, ಅದಕ್ಕ ಬ್ಯಾರೆ ರೇಟು ಇಡ್ರಿ, ರೇಟು ಇಲ್ಲಂದ್ರ ಯಾವ ಗುತ್ತಿಗೆದಾರ ಪಾಪ ಕೈಯಿಂದ ಹಾಕಿ ಮಾಡ್ತಾನ. ಎಲ್ಲಾ ಕಡೆ ಬ್ಲಾಸ್ಟಿಂಗ್ ಆಗಂಗಿಲ್ಲ, ಕಂಪ್ರೆಸರ್ ಬೇಕು, ಖರ್ಚು, ಆದ್ರ ಚಿಪ್ಪಿಂಗ್ ಸುತ್ತಿಗಿ, ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಕಬ್ಬಿಣದ ಹೊಳಪು ಕಾಣೂ ತನಕ ತಿಕ್ಕಾಕ ಎಲ್ಲಾ ಊರಾಗೂ ಆಗ್ತೈತಿ. ಬಿಲ್ ಪಾಸ್ ಮಾಡೂಕಿಂತ ಮೊದ್ಲ ತುಕ್ಕು ತಗದ ಕಬ್ಬಿಣದ ಫೋಟೋ ಫೈಲಿನ್ಯಾಗ ಬೇಕು, ಬಣ್ಣ ಆದ ಮ್ಯಾಲಿನ ಫೋಟೋದಿಂದ ಏನೂ ತಿಳಿಯಂಗಿಲ್ಲ. ಗೇಜಿನ ರೀಡಿಂಗ್ ಬುಡದಾಗ, ನಡುವ, ಮ್ಯಾಲ, ಮೂರು ಕಡೆ ಬರೀರಿ. ಮುಂಜಾನಿ ಇಬ್ಬನಿ ಆರಿ ಕಬ್ಬಿಣ ಒಣಗಿದ ಮ್ಯಾಲ ಶುರು ಮಾಡಿ ಬಿಸಲು ಸುಡೂಕಿಂತ ಮೊದ್ಲ ನಿಲ್ಲಸ್ರಿ, ಕಬ್ಬಿಣದ ಮೈ ಇಬ್ಬನಿ ಹಿಡಿಯೂ ಉಷ್ಣಾಂಶಕ್ಕಿಂತ 3 ಡಿಗ್ರಿ ಆದ್ರೂ ಹೆಚ್ಚಿರಬೇಕು ಅನ್ನೂದು ಜಗತ್ತಿನ ಎಲ್ಲಾ ಪೇಂಟಿಂಗಿಗೂ ಇರೂ ನಿಯಮ. ಮತ್ತ ಒಂದು ಮಾತು, ಸ್ಟ್ಯಾಂಡರ್ಡಿನ್ಯಾಗ ಈ ಬಣ್ಣ 15ರಿಂದ 25 ವರ್ಷ ಅಂತ ಬರದಿದ್ರ ಅದು ಗ್ಯಾರಂಟಿ ಅಲ್ಲ, ಮೊದಲ ದೊಡ್ಡ ರಿಪೇರಿಗೆ ಸರಾಸರಿ ಅಷ್ಟ ಹೊತ್ತು ಹಿಡಿಬಹುದು ಅಂತ ಅಂದಾಜು, ಅದೂ ನಡುನಡುವ ನೋಡಿಕೊಂಡ್ರ. ಬಹಳ ಮಂದಿ ಇಂಜಿನಿಯರು ಅದನ್ನ ಗ್ಯಾರಂಟಿ ಕಾರ್ಡ್ ಅಂತ ತಿಳದು 15 ವರ್ಷ ಆ ಕಡೆ ಹಾಯಂಗಿಲ್ಲ.

ಆ ಹುಡುಗ ಇಂಜಿನಿಯರ್ ಮ್ಯಾಲ ನನಗ ಸಿಟ್ಟಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಪಾಲಿಟೆಕ್ನಿಕ್, ಐಟಿಐ ಇವುಗಳಾಗ ವೆಲ್ಡಿಂಗ್ ಕಲಸ್ತಾರ, ಫಿಟ್ಟಿಂಗ್ ಕಲಸ್ತಾರ, ವೆಲ್ಡಿಂಗ್ ಆದ ಮ್ಯಾಲ ಆ ಗಂಟಿನ ಮ್ಯಾಲ ಕುಂತ ಸ್ಲ್ಯಾಗು (ಕಿಟ್ಟ), ಸಿಡಿದ ಉಕ್ಕಿನ ಹನಿ ತಗಿಯಲಿಕ್ರ ಬಣ್ಣ ಅಲ್ಲೇ ಮೊದ್ಲ ಬಿಡತೈತಿ ಅಂತ ಹೇಳಿಕೊಡೂದು ಅರ್ಧ ತಾಸಿನ ಮಾತು. ನಾನು ಬಂದು ಹೇಳಿಕೊಡಾಕ ತಯಾರ ಅದೀನಿ, ರೊಕ್ಕ ಬ್ಯಾಡ. ಜಗತ್ತಿಗೆ ಉಕ್ಕು ಕೊಡೂ ನೆಲ ನಮ್ಮದು, ಆ ಉಕ್ಕು ಕಾಯೂದು ಹೆಂಗ ಅಂತ ನಮ್ಮ ಹುಡುಗರಿಗೇ ಗೊತ್ತಿಲ್ಲಂದ್ರ ನನಗ ಬ್ಯಾಸರ ಆಗ್ತೈತಿ.

ಆ ಸಾಲಿ ಕಂಬದ ಮಾತು ಮುಗಿಸಿ ಬಿಡ್ತೀನಿ. ಶೆಡ್ಡಿನ್ಯಾಗ ಮಕ್ಕಳನ್ನ ಕುಂಡ್ರಸೂದು ಅವತ್ತ ಬಂದ್ ಮಾಡಿಸಿದ್ವಿ. ಮುಂದಿನ ಆಯಿತವಾರ ಜಾಕ್ ಕೊಟ್ಟು ಮ್ಯಾಲಿನ ಭಾರ ಹಿಡದು ಬುಡದ ಎರಡು ಅಡಿ ಕತ್ತರಿಸಿ ಹೊಸ ತುಂಡು ಬೆಸಗಿ ಹಾಕಿದ್ವಿ, ವೆಲ್ಡರ್ ನಮ್ಮ ದೋಸ್ತ, ಅಕ್ಕನ ಮಗ ಗ್ರೈಂಡರ್ ಹಿಡದ. ಉಳಿದ ಐದು ಕಂಬಾನೂ ತಟ್ಟಿ ನೋಡಿದ್ವಿ, ಇನ್ನೆರಡು ಸೋತಿದ್ವು, ಅವನ್ನೂ ಮಾಡಿದ್ವಿ. ಬುಡಕ್ಕ ಒಂದು ಗೇಣು ಕಾಂಕ್ರೀಟ್ ಎತ್ತರಿಸಿ ನೀರು ಆ ಕಡೆ ಹೋಗೂವಂಗ ಇಳಿಜಾರು ಕೊಟ್ವಿ. ಮೂರು ದಿನ ಮುಂಜಾನಿ ಎಂಟರಿಂದ ಹತ್ತರ ತನಕ ಅಷ್ಟ ಬಣ್ಣ ಹಚ್ಚಿದ್ವಿ. ಕಡೀಕ ಕಂಬದ ಮ್ಯಾಲ ಬಿಳಿ ಬಣ್ಣದಾಗ ತಾರೀಖು, ಪ್ರೈಮರ್ ಯಾವುದು, ಎಷ್ಟ ಮೈಕ್ರಾನ್ ಅಂತ ಬರದೀವಿ. ಏಳನೇ ಕ್ಲಾಸಿನ ಮಕ್ಕಳಿಗೆ ತಿಂಗಳಿಗೊಮ್ಮಿ ಬೆರಳಿಂದ ತಟ್ಟಿ ಸಪ್ಪಳ ಕೇಳೂದು ಹೇಳಿಕೊಟ್ಟೀನಿ, ಗಟ್ಟಿ ಸಪ್ಪಳ ಯಾವುದು, ಟೊಳ್ಳು ಸಪ್ಪಳ ಯಾವುದು ಅಂತ ಕತ್ತರಿಸಿ ತಗದ ಹಳೇ ತುಂಡಿನ ಮ್ಯಾಲ ತಟ್ಟಿ ತೋರಿಸೀನಿ. ಆ ತುಂಡು ಹೆಡ್ ಮಾಸ್ತರ ಕೋಣ್ಯಾಗ ಐತಿ, ಸಂಬಂಧಪಟ್ಟವರು ಯಾವಾಗ ಬೇಕಾದ್ರೂ ಹೋಗಿ ನೋಡಬಹುದು.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಪೇಂಟಿಂಗ್ ಸೂಪರ್‌ವೈಸರ್,
ಗಿಣಿಗೇರಿ, ಕೊಪ್ಪಳ ತಾಲೂಕು